ಟೀಚರ್ ಬ್ಲೌಸು ನಾನು ಕೊಡಲಿಲ್ಲ

ಚಾಮರಾಜಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರ ಬ್ಲೌಸು ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬಾಗಿಲಲ್ಲಿ ನಿಂತವರನ್ನು ನೋಡಿದರೆ ಅರ್ಧ ಅಳತೆ ಗೊತ್ತಾಗಿಬಿಡುತ್ತದೆ. ಹೀಗಾಗಿ ಟೀಚರ್ ಒಂದೇ ಬ್ಲೌಸನ್ನು ಎರಡನೇ ಸಲ ವಾಪಸು ತಂದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಟೀಚರ್ ಮನೆ ಹನುಮಂತನಗರದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಅಂಗಡಿ ತೆರೆದ ವರ್ಷದಿಂದ ನನ್ನ ಹತ್ತಿರವೇ ಹೊಲಿಸುತ್ತಿದ್ದಾರೆ. ಆಗ ಅವರ ತಮ್ಮನ ಮಗಳ ಮದುವೆಗೆ ಮೂರು ವಾರ ಉಳಿದಿತ್ತು. ಅದಕ್ಕೆಂದು ಮೂರು ರೇಷ್ಮೆ ಬ್ಲೌಸು ಹೊಲಿಯಲು ಕೊಟ್ಟಿದ್ದರು.

“ಎಡಗಡೆ ಎಳಿಯುತ್ತೆ ಕಣಮ್ಮ. ಈ ಸಲ ನಿನ್ನ ಅಳತೆ ತಪ್ಪಿದೆ,” ಎಂದರು.

“ಅಳತೆ ಹಳೇದೇ ಟೀಚರ್. ಹಾಕ್ಕೊಂಡು ತೋರ್ಸಿ, ನೋಡೇಬಿಡೋಣ.”

ಅಂಗಡಿಯ ಹಿಂದೆ ಪರದೆ ಕಟ್ಟಿದ ಸಣ್ಣ ಜಾಗವಿದೆ. ಅಲ್ಲಿ ಅವರು ಬ್ಲೌಸು ಹಾಕಿಕೊಂಡರು. ಬಲಗಡೆ ಸರಿಯಾಗಿ ಕೂತಿತ್ತು. ಎಡಗಡೆ ನಿಜವಾಗಿಯೂ ಬಿಗಿಯಾಗಿತ್ತು. ಹೊಲಿಗೆ ಬಿಚ್ಚೋಣವೆಂದು ತೆಗೆಯಲು ಹೇಳಿದೆ. ಅವರು ತೋಳು ಮೇಲೆತ್ತಿದಾಗ ನನಗೆ ಕಂಡಿತು. ಕಂಕುಳಿನ ಪಕ್ಕದಲ್ಲಿ, ಎಡ ಮೊಲೆಯ ಮೇಲ್ಭಾಗದಲ್ಲಿ ಚರ್ಮ ಒಳಕ್ಕೆ ಜಗ್ಗಿದಂತೆ ಗುಳಿ ಬಿದ್ದಿತ್ತು. ತೋಳು ಇಳಿಸಿದರೆ ಕಾಣುತ್ತಿರಲಿಲ್ಲ.

ಹೇಳಲೋ ಬೇಡವೋ ಎಂದು ಒಂದು ಕ್ಷಣ ಹಿಂಜರಿದೆ. ಆಮೇಲೆ ನೇರವಾಗಿ ಕೇಳಿದೆ. “ಟೀಚರ್, ಇಲ್ಲಿ ಗಂಟೇನಾದ್ರೂ ಇದ್ಯಾ?”

ಅವರು ಸೆರಗು ಎಳೆದುಕೊಂಡರು. “ನಾಲ್ಕು ತಿಂಗಳಾಯ್ತು. ನೋವೇನಿಲ್ಲ. ನೋವಿಲ್ಲದ ಮೇಲೆ ಏನಿರುತ್ತೆ ಬಿಡು,” ಎಂದರು.

“ಮನೇಲಿ ಹೇಳಿದೀರಾ?”

“ಯಾರಿಗೂ ಹೇಳಿಲ್ಲ. ನಮ್ಮೆಜಮಾನ್ರಿಗೆ ಮೊನ್ನೆ ಮೊನ್ನೆ ಹಾರ್ಟ್ ಆಪರೇಷನ್ ಆಗಿದೆ. ಮದುವೆ ಮುಗೀಲಿ, ಆಮೇಲೆ ನೋಡ್ಕೊಳ್ತೀನಿ.”

“ಮದುವೆ ತನಕ ಯಾಕೆ ಕಾಯ್ತೀರಾ? ನಾಳೆನೇ ತೋರಿಸ್ಕೊಳ್ಳಿ.”

ಟೀಚರ್‌ಗೆ ಕೋಪ ಬಂತು. “ನೀನು ಬಟ್ಟೆ ಹೊಲಿ. ಡಾಕ್ಟರಿಕೆ ಮಾಡ್ಬೇಡ,” ಎಂದು ಹೊರಟುಹೋದರು.

ಮಾರನೆಯ ದಿನ ಮಧ್ಯಾಹ್ನ ಬಂದು ಮೂರೂ ಬ್ಲೌಸು ಕೇಳಿದರು. ಹಿಂದಿನ ದಿನ ಬಿಟ್ಟುಹೋದದ್ದನ್ನೂ ಎಡಗಡೆ ಸಡಿಲಿಸಿದ್ದೆ; ಇಸ್ತ್ರಿಯಾಗಿ, ಕವರಿನೊಳಗೆ ಕೂತು, ಎಲ್ಲವೂ ಸಿದ್ಧವಾಗಿದ್ದವು. ನಾನು ಆ ಕವರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

“ಡಾಕ್ಟರ್ ಹತ್ರ ಹೋಗ್ಬನ್ನಿ, ಆಮೇಲೆ ಕೊಡ್ತೀನಿ.”

“ಇದೇನೇ ದೌರ್ಜನ್ಯ! ನನ್ನ ಬಟ್ಟೆ ನನಗೆ ಕೊಡಲ್ವಾ?”

“ಇವತ್ತು ಕೊಡಲ್ಲ ಟೀಚರ್. ಬೈಯಿರಿ ಪರವಾಗಿಲ್ಲ.”

ಅವರು ಬೈದರು ಕೂಡ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಮ್ಮನ್ನೇ ನೋಡುತ್ತಿದ್ದರು. ಬೈದು ಸುಸ್ತಾದ ಮೇಲೆ ಸ್ಟೂಲಿನ ಮೇಲೆ ಕೂತರು. ನಾನು ನೀರು ಕೊಟ್ಟೆ. ಕುಡಿದು, ಬಹಳ ಮೆತ್ತಗೆ, “ನನಗೆ ಹೆದರಿಕೆ ಕಣೇ,” ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. “ನಾನು ಬರ್ತೀನಿ, ನಡೀರಿ,” ಎಂದು ಶಟರ್ ಎಳೆದೆ. ಆಟೋ ಹತ್ತಿಸಿ ಬಸವನಗುಡಿಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ.

ಅಲ್ಲಿನ ಲೇಡಿ ಡಾಕ್ಟರು ಕೈಯಿಂದ ಪರೀಕ್ಷಿಸಿ, ಮ್ಯಾಮೊಗ್ರಾಂ ಮತ್ತು ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ನೋವಿಲ್ಲ ಎಂದು ಸುಮ್ಮನಿರಬಾರದು, ಇಂಥ ಗಂಟುಗಳು ಎಷ್ಟೋ ಸಲ ನೋಯುವುದೇ ಇಲ್ಲ ಎಂದರು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೆ ಯಾವುದು ಹೌದು, ಯಾವುದು ಅಲ್ಲ ಎನ್ನುವುದನ್ನು ಪರೀಕ್ಷೆಯೇ ಹೇಳಬೇಕು ಎಂದೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ಚೆಕ್ ಮಾಡ್ಕೊಳ್ತೀರಾ?”

“ನನಗೇನೂ ಇಲ್ಲ ಡಾಕ್ಟ್ರೇ.”

“ಅದು ನಿಮಗೆ ಹೇಗೆ ಗೊತ್ತು?”

ಸಾವಿರಾರು ಹೆಂಗಸರ ಎದೆ ಅಳತೆ ತೆಗೆದವಳು ನಾನು. ನಲವತ್ತಾರು ವರ್ಷವಾದರೂ ನನ್ನ ಮೈಯನ್ನು ಒಂದು ದಿನವೂ ಮುಟ್ಟಿ ನೋಡಿಕೊಂಡಿರಲಿಲ್ಲ. ಡಾಕ್ಟರು ತಾವೇ ತೋರಿಸಿದರು. ಕನ್ನಡಿಯ ಮುಂದೆ ಕೈ ಇಳಿಬಿಟ್ಟು ಒಮ್ಮೆ, ಕೈ ಮೇಲೆತ್ತಿ ಒಮ್ಮೆ ನೋಡಿಕೊಳ್ಳಬೇಕು. ಆಕಾರ ಬದಲಾಗಿದೆಯೇ, ಚರ್ಮ ಜಗ್ಗಿದೆಯೇ, ತೊಟ್ಟು ಒಳಗೆ ಹೋಗಿದೆಯೇ, ಅದರಿಂದ ಏನಾದರೂ ಒಸರುತ್ತಿದೆಯೇ ಎಂದು ಗಮನಿಸಬೇಕು. ಆಮೇಲೆ ಮೂರು ಬೆರಳನ್ನು ಚಪ್ಪಟೆಯಾಗಿಟ್ಟು, ಸಣ್ಣ ಸಣ್ಣ ಸುತ್ತು ಹಾಕುತ್ತ, ಕೊರಳಿನ ಕೆಳಗಿನ ಎಲುಬಿನಿಂದ ಹಿಡಿದು ಕಂಕುಳಿನವರೆಗೂ ಒತ್ತಿ ನೋಡಬೇಕು. ತಿಂಗಳ ಮುಟ್ಟು ಮುಗಿದ ಕೆಲವು ದಿನಗಳ ಮೇಲೆ ನೋಡಿಕೊಂಡರೆ ಒಳ್ಳೆಯದು. “ಕೈಗೆ ಏನೂ ಸಿಗ್ಲಿಲ್ಲ ಅಂತ ಟೆಸ್ಟ್ ಬಿಡೋ ಹಾಗಿಲ್ಲ. ನಿಮ್ಮ ವಯಸ್ಸಿಗೆ ಒಂದು ಮ್ಯಾಮೊಗ್ರಾಂ ಮಾಡಿಸೋದು ಒಳ್ಳೇದು,” ಎಂದರು. ನಾನು ತಿಂಗಳೊಳಗೆ ಮಾಡಿಸಿದೆ. ಏನೂ ಇರಲಿಲ್ಲ.

ಟೀಚರ್‌ದು ಸೂಜಿ ಹಾಕಿ ಗಂಟಿನ ಚೂರು ತೆಗೆದು ಮಾಡಿದ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಆ ಸಂಜೆ ಅವರೇ ಗಂಡನ ಪಕ್ಕ ಕೂತು ವಿಷಯ ಹೇಳಿದರಂತೆ. ಟೀಚರ್ ಯಾವ ಮನುಷ್ಯನ ಹೃದಯಕ್ಕೆ ಹೆದರಿ ಮುಚ್ಚಿಟ್ಟಿದ್ದರೋ, ಆ ಯಜಮಾನರು ಸ್ವಲ್ಪವೂ ಅಲುಗಾಡದೆ, “ನನ್ನ ಆಪರೇಷನ್‌ಗೆ ನೀನು ಕೂತಿದ್ದೆ, ನಿನ್ನದಕ್ಕೆ ನಾನು ಕೂರ್ತೀನಿ,” ಎಂದರಂತೆ.

ಗಂಟು ಚಿಕ್ಕದಿತ್ತು, ಕಂಕುಳಿಗೆ ಹಬ್ಬಿರಲಿಲ್ಲ. ಮೊಲೆ ತೆಗೆಯುವ ಅಗತ್ಯ ಬೀಳಲಿಲ್ಲ. ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದರು. ಡಾಕ್ಟರ ಒಪ್ಪಿಗೆ ಪಡೆದು, ನಾನು ಬೀರುವಿನಿಂದ ತೆಗೆದುಕೊಟ್ಟ ಬ್ಲೌಸು ತೊಟ್ಟು, ಟೀಚರ್ ಮದುವೆಗೂ ಹೋದರು. ಧಾರೆ ನೋಡಿಕೊಂಡು, ಊಟಕ್ಕೆ ನಿಲ್ಲದೆ ಮನೆಗೆ ಬಂದು ಮಲಗಿದರು. ರೇಡಿಯೇಷನ್ ದಿನಗಳಲ್ಲಿ ಬಹಳ ದಣಿದಿದ್ದರು, ಯಾರ ಮೇಲೆ ಬೇಕಾದರೂ ರೇಗುತ್ತಿದ್ದರು. ಈಗ ಎರಡು ವರ್ಷವಾಯಿತು. ದಿನಕ್ಕೊಂದು ಮಾತ್ರೆ, ಆಗಾಗ ತಪಾಸಣೆ. ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ.

ಆಮೇಲಿಂದ ಟ್ರಯಲ್‌ಗೆ ಬರುವ ಹೆಂಗಸರಿಗೆಲ್ಲ ನಾನು ಡಾಕ್ಟರು ತೋರಿಸಿದ್ದನ್ನು ಹೇಳುತ್ತೇನೆ. ಕೆಲವರು ನಾಚಿಕೊಂಡು ನಗುತ್ತಾರೆ. ಒಬ್ಬರು ಮುಖ ಗಂಟಿಕ್ಕಿ ಹೋದವರು ಮತ್ತೆ ಬರಲಿಲ್ಲ. ಹೋಗಲಿ. ಕಳೆದ ವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಪರದೆಯ ಹಿಂದಿನಿಂದಲೇ, “ಆಂಟಿ, ಮೂರು ಬೆರಳಿಂದ ಅಂದ್ರಲ್ಲಾ? ಹೇಗೆ, ಇನ್ನೊಂದ್ಸಲ ಹೇಳಿ,” ಎಂದು ಕೇಳಿದಳು. ನಾನು ಕತ್ತರಿ ಕೆಳಗಿಟ್ಟು ಒಳಗೆ ಹೋದೆ.