ಕಿಟಕಿಯಿಂದ ಹಿಡಿದ ಜಾಗ

ಯೇವಲಾ ಬಸ್ ಸ್ಟ್ಯಾಂಡಿನಲ್ಲಿ ನನ್ನ ನಾಲ್ಕು ವರ್ಷದ ಮಗಳನ್ನು ಹೊತ್ತ ಬಸ್ಸು ನನ್ನ ಕಣ್ಣೆದುರೇ ಹೊರಟಿತು. ನಾನು ಕೂಗಲಿಲ್ಲ. ತಾಯಿ ಬನಶಂಕರಿಯನ್ನು ನಂಬಿದ ನಿಮ್ಮೆಲ್ಲರ ಮುಂದೆ ಮೊದಲು ಇದನ್ನೇ ಹೇಳಿಬಿಡುತ್ತೇನೆ. ಇದನ್ನು ಮುಚ್ಚಿಟ್ಟು ಅವಳ ಕೃಪೆಯನ್ನಷ್ಟೇ ಬರೆದರೆ ಅರ್ಧ ಸುಳ್ಳಾಗುತ್ತದೆ.

ಅದು ೧೯೭೧, ಎರಡು ವರ್ಷದ ಹಿಂದಿನ ಮಾತು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ನಾಶಿಕಕ್ಕೆ ಬಂದವಳು. ಯಜಮಾನರಿಗೆ ಓಝರ್ ಹತ್ತಿರ ಕಾರ್ಖಾನೆಯ ಕೆಲಸ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ನನ್ನ ಎರಡನೆಯ ಮಗು, ಗಂಡು, ಹುಟ್ಟಿದ ಒಂಬತ್ತನೆಯ ದಿನ ಆಸ್ಪತ್ರೆಯಲ್ಲೇ ಹೋಯಿತು. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ತಲೆ ಬಾಚಿಕೊಳ್ಳಲು ಬಾಚಣಿಗೆ ಹಿಡಿದು ಕೂತರೆ ಮಧ್ಯಾಹ್ನದವರೆಗೂ ಹಾಗೇ ಕೂತಿರುತ್ತಿದ್ದೆ. ಡಾಕ್ಟರು ಅಶಕ್ತತೆ ಎಂದು ಟಾನಿಕ್ ಬರೆದುಕೊಟ್ಟರು. ಎರಡು ಬಾಟಲಿ ಖಾಲಿಯಾದವು.

ಸುತ್ತಲಿನವರೆಲ್ಲ ಒಳ್ಳೆಯವರೇ. ಎಲ್ಲರೂ ಇನ್ನೊಬ್ಬರನ್ನು ತೋರಿಸಿ ಕಲಿ ಎಂದರು.

"ಎದುರುಮನಿ ವೈನಿನ್ನ ನೋಡು. ಎರಡು ಕೂಸು ಕಳಕೊಂಡಾರ, ಹೆಂಗ ನಕ್ಕೋತ ಇರ್ತಾರ," ಎಂದರು ಯಜಮಾನರು. "ನೀ ಓದಿದಾಕಿ, ನಿನಗ ಹೇಳಬೇಕೇನು?"

ನೋಡಿದೆ. ಆಕೆ ನಗುವುದು ಕಂಡಿತು. ಹೇಗೆ ನಗುತ್ತಾರೆಂಬುದು ಕಾಣಲಿಲ್ಲ. ತಾಯಿಯ ಪಟದ ಮುಂದೆ ಶುಕ್ರವಾರ ದೀಪ ಹಚ್ಚಿ, "ಈ ಭಾರ ಇಳಿಸು, ಇಲ್ಲದಿದ್ದರೆ ನನ್ನನ್ನೇ ಎತ್ತಿಕೋ" ಎಂದು ಬೇಡುತ್ತಿದ್ದೆ. ಏನೂ ಆಗಲಿಲ್ಲ. ಕೊನೆಗೆ ದೀಪ ಹಚ್ಚುವುದನ್ನೂ ಬಿಟ್ಟೆ.

ಯುಗಾದಿ ಮುಗಿದ ಮೇಲೆ ಯಜಮಾನರು, "ಔರಂಗಾಬಾದಿಗೆ ಹೋಗಿ ನಿಮ್ಮಕ್ಕನ ಮನ್ಯಾಗ ಹದಿನೈದು ದಿನ ಇದ್ದು ಬಾ" ಎಂದು ನನ್ನನ್ನೂ ಮಗಳು ಸುಮಾಳನ್ನೂ ನಾಶಿಕದಲ್ಲಿ ಬಸ್ಸು ಹತ್ತಿಸಿದರು. ಅವರಿಗೆ ರಜೆ ಇರಲಿಲ್ಲ. ಆ ಬಸ್ಸು ಯೇವಲಾದವರೆಗೆ ಮಾತ್ರ. ಅಲ್ಲಿ ಔರಂಗಾಬಾದಿನ ಬಸ್ಸಿಗಾಗಿ ಜನ ಕಿಕ್ಕಿರಿದಿದ್ದರು.

ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರ, ಟೋಪಿ, ಚೀಲ ಎಸೆದು ಜಾಗ ಹಿಡಿಯುವುದನ್ನು ನೀವೂ ನೋಡಿದ್ದೀರಿ. ಬರೀ ಟವೆಲ್ಲಾದರೆ ಯಾರಾದರೂ ಸರಿಸಿ ಕೂತುಬಿಡುತ್ತಾರೆ. ಮಗುವಿದ್ದರೆ ಸರಿಸುವುದಿಲ್ಲ. ಎಲ್ಲರೂ ಮಾಡುವಂತೆ ನಾನೂ ಸುಮಾಳನ್ನು ಎತ್ತಿ ಕಿಟಕಿಯಿಂದ ಒಳಗೆ ಬಿಟ್ಟೆ. ಕೈಗೆ ಕೆಂಪು ಅಂಚಿನ ಟವೆಲ್ಲು ಕೊಟ್ಟು, "ಬಾಜೂಕ ಹಾಸು. ಯಾರಿಗೂ ಬಿಡಬ್ಯಾಡ" ಎಂದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಒಳಗಿನಿಂದ ಉತ್ಸಾಹದಲ್ಲಿ ಕೂಗಿದಳು: "ಆಈ, ಜಾಗಾ ಧರಲೀ!" ಅವ್ವಾ, ಜಾಗ ಹಿಡಿದೆ ಎಂದು.

ನಾನು ಟ್ರಂಕು ಹಿಡಿದು ಬಾಗಿಲಿಗೆ ಹೋದೆ. ಜನ ಹಿಂದಕ್ಕೆ ತಳ್ಳಿದರು. ಇನ್ನೊಮ್ಮೆ ನುಗ್ಗಬೇಕಿತ್ತು. ಅದನ್ನು ಬಿಟ್ಟು ಕಲ್ಲಿನ ಬೆಂಚಿನ ಮೇಲೆ ಹೋಗಿ ಕೂತೆ. ಆಗ ಮನಸ್ಸಿಗೆ ಬಂದದ್ದು ಇಷ್ಟೇ: ಅವಳಿಗೆ ಜಾಗ ಸಿಕ್ಕಿತಲ್ಲ, ಹೋಗಲಿ. ನಾನಿಲ್ಲದಿದ್ದರೂ ನಡೆಯುತ್ತದೆ. ಕಂಡಕ್ಟರು ಎರಡು ಸಲ ಗಂಟೆ ಹೊಡೆದರು. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಅವಳ ಮುಖ ಕಂಡಿತು. ನನ್ನನ್ನು ಹುಡುಕುತ್ತಿತ್ತು. ಆ ಮುಖ ಈಗಲೂ, ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ, ಕಣ್ಣಮುಂದೆ ಬಂದು ನಿಲ್ಲುತ್ತದೆ.

"ಗಾಡೀ ಥಾಂಬವಾ! ಪೋರ್ ಆತ ಆಹೆ!" ಗಾಡಿ ನಿಲ್ಲಿಸಿ, ಮಗು ಒಳಗಿದೆ ಎಂದು ಪಕ್ಕದಲ್ಲಿ ಯಾರೋ ಅರಚಿದರು. ಬೆಂಚಿನ ಆ ತುದಿಯಲ್ಲಿ ರೇಷ್ಮೆ ನೂಲಿನ ಗಂಟು ಇಟ್ಟುಕೊಂಡು ಕೂತಿದ್ದ ಹೆಂಗಸು. ಹೆಸರು ಸಖೂಬಾಯಿ, ಪೈಠಣಿ ಸೀರೆ ನೇಯುವ ಮನೆಯವಳು. ನಾನು ಸುಮಾಳನ್ನು ಕಿಟಕಿಯಿಂದ ಬಿಟ್ಟಿದ್ದನ್ನು ನೋಡಿದ್ದಳು. ಸೆರಗು ಸಿಕ್ಕಿಸಿ ಗೇಟಿನವರೆಗೆ ಓಡಿದಳು. ಬಸ್ಸು ಹೋಗಿಯಾಗಿತ್ತು. ಅವಳೇ ಕಂಟ್ರೋಲರ್ ಕಚೇರಿಗೆ ನುಗ್ಗಿ ವೈಜಾಪುರ ಸ್ಟ್ಯಾಂಡಿಗೆ ಫೋನು ಮಾಡಿಸಿದಳು. ನೂಲಿನ ಗಂಟನ್ನು ಚಹದಂಗಡಿಯಲ್ಲಿಟ್ಟು, ನನ್ನ ರಟ್ಟೆ ಹಿಡಿದು ಈರುಳ್ಳಿ ಲಾರಿಯೊಂದಕ್ಕೆ ಹತ್ತಿಸಿ, ತಾನೂ ಹತ್ತಿದಳು.

ಲಾರಿಯಲ್ಲಿ ರಸ್ತೆಯ ಬದಿಯನ್ನೇ ನೋಡುತ್ತ ಕೂತೆ. ನನ್ನನ್ನು ಹುಡುಕುತ್ತ ಸುಮಾ ಕಿಟಕಿಯಿಂದ ಬಾಗಿದ್ದರೆ? ಎಲ್ಲೋ ನಡುವೆ ಇಳಿದುಬಿಟ್ಟಿದ್ದರೆ? ತಿಂಗಳುಗಟ್ಟಲೆ ನನ್ನ ಸಾವನ್ನೇ ಬೇಡಿದ್ದ ಬಾಯಿಂದ ಬೇರೆ ಮಾತು ಬಂತು: "ತಾಯಿ, ಅವಳು ಕೂತಲ್ಲೇ ಕೂತಿರಲಿ." ಅದೊಂದೇ ಮಾತು, ಮತ್ತೆ ಮತ್ತೆ.

ತಡೆಯಲಾರದೆ ಸಖೂಬಾಯಿಗೆ ಹೇಳಿದೆ: "ಬಸ್ಸು ಹೊರಟಿದ್ದು ನನಗೆ ಕಾಣುತ್ತಿತ್ತು. ನಾನು ಕೂಗಲಿಲ್ಲ."

ಉಗುಳುತ್ತಾಳೆ ಎಂದುಕೊಂಡೆ. ಅವಳ ಮರಾಠಿಯನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ: "ನಿನಗ ಆಗಲಿಲ್ಲ, ನಾ ಕೂಗಿದೆ. ಕೂಗಂತೂ ಆತಲ್ಲ?"

ಆಮೇಲೆ ತನ್ನದನ್ನು ಹೇಳಿದಳು. ಹಿರಿಯ ಮಗ ಹೋದಮೇಲೆ ನಾಲ್ಕು ತಿಂಗಳು ಮಗ್ಗ ಮುಟ್ಟಿರಲಿಲ್ಲವಂತೆ. ಅಡುಗೆಯನ್ನೂ ನಾದಿನಿಯೇ ಮಾಡುತ್ತಿದ್ದಳಂತೆ. "ಮಂದಿ, ಅವರನ್ನ ನೋಡು, ಇವರನ್ನ ನೋಡು ಅಂದ್ರು. ನಾ ಯಾರನ್ನೂ ನೋಡಲಿಲ್ಲ. ಆಮ್ಯಾಲ ದಿನಾ ಮುಂಜಾನೆ ಎದ್ದು ನಾದಿನಿಗೆ, ಇವತ್ತೂ ನನ್ನ ಕೈಲೆ ಆಗೂದಿಲ್ಲ ಅಂತ ಬಾಯಿಬಿಟ್ಟು ಹೇಳ್ತಿದ್ದೆ. ಹೇಳಿದ ಮ್ಯಾಲೆ ಒಂದು ಬೆರಳಿನಷ್ಟು ನೇಯ್ತಿದ್ದೆ. ಬೆರಳಿನಷ್ಟು, ಹೆಚ್ಚಿಲ್ಲ. ನೀ ಯಾರಿಗರೆ ಹೇಳಿದ್ದೀಯೇನು?"

ಯಾರಿಗೂ ಹೇಳಿರಲಿಲ್ಲ. ಆಗ ಅಳು ಬಂತು, ಸಂಕ್ರಾಂತಿಯಿಂದ ಬಾರದ ಅಳು. ಡ್ರೈವರನ ಪಕ್ಕದಲ್ಲಿದ್ದ ಈರುಳ್ಳಿ ಮೂಟೆಗೆ ಒರಗಿ ಅತ್ತೆ. ಸಖೂಬಾಯಿ ಡ್ರೈವರನಿಗೆ, "ಏನ್ ನೋಡ್ತೀಯೋ, ನಿನ್ನ ಉಳ್ಳಾಗಡ್ಡಿ ಖಾರ ಅದಾವ. ಮುಂದ ನೋಡಿ ಹೊಡಿ" ಎಂದಳು.

ವೈಜಾಪುರದ ಕಂಟ್ರೋಲರ್ ಕೋಣೆಯ ಬೆಂಚಿನ ಮೇಲೆ ಸುಮಾ ಕೂತಿದ್ದಳು. ಪಕ್ಕದಲ್ಲಿ ಕೆಂಪು ಅಂಚಿನ ಟವೆಲ್ಲು ಹಾಸಿತ್ತು. ಕಂಟ್ರೋಲರರು ನಿಂತುಕೊಂಡೇ ರಿಜಿಸ್ಟರು ಬರೆಯುತ್ತಿದ್ದರು. "ಬರ್ರಿ ತಾಯಿ. 'ಅಲ್ಲಿ ಕುಂಡ್ರಬ್ಯಾಡ್ರಿ, ಅವ್ವಂದು ಜಾಗಾ' ಅಂತ ಈ ಹುಡುಗಿ ನನ್ನನ್ನ ನನ್ನ ಬೆಂಚಿನಿಂದನ ಎಬ್ಬಿಸ್ಯಾಳ," ಎಂದು ಮರಾಠಿಯಲ್ಲಿ ದೂರಿದರು. ಬಸ್ಸಿನಲ್ಲೂ ಯಾರನ್ನೂ ಕೂರಗೊಟ್ಟಿರಲಿಲ್ಲವಂತೆ. ನನ್ನನ್ನು ಕಂಡವಳೇ ಟವೆಲ್ಲನ್ನು ತಟ್ಟಿ ತೋರಿಸಿದಳು. ಕೂತೆ.

ಆ ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ನಾಶಿಕಕ್ಕೆ ಮರಳಿದ ಮೇಲೆ ಯಜಮಾನರಿಗೂ ಹೇಳಿದೆ. ಆಮೇಲೆ ಅವರು ಯಾರನ್ನೂ ತೋರಿಸಿ ಕಲಿ ಎನ್ನಲಿಲ್ಲ. ಯೇವಲಾ ಹಾದು ಹೋದಾಗಲೆಲ್ಲ ಸಖೂಬಾಯಿಯ ಮನೆಗೆ ತಾಯಿಯ ಕುಂಕುಮ ಕೊಟ್ಟು ಬರುತ್ತೇನೆ. "ಈ ಸಲ ಪೋರಿನ್ನ ಬಾಗಲದಿಂದ ಹತ್ತಿಸು," ಎಂದು ಕಳಿಸುತ್ತಾಳೆ.

ಭಾರ ಪೂರ್ತಿ ಇಳಿದಿದೆ ಎಂದು ನಾನು ಬರೆಯಲಾರೆ. ಏಳಲಾಗದ ಬೆಳಗುಗಳು ಈಗಲೂ ಇವೆ. ಆದರೆ ನನಗೆ ಧ್ವನಿಯೇ ಇಲ್ಲದ ಗಳಿಗೆಯಲ್ಲಿ ಬೆಂಚಿನ ತುದಿಯಲ್ಲಿ ಇನ್ನೊಂದು ಬಾಯಿ ಇಟ್ಟವಳು ಆ ತಾಯಿ ಬನಶಂಕರಿಯೇ. ಇದರಲ್ಲಿ ನನಗೆ ಸಂಶಯವಿಲ್ಲ. ಅಂಥ ಬೆಳಗುಗಳಲ್ಲಿ ಯಜಮಾನರಿಗೆ, "ಇವತ್ತು ಆಗೂದಿಲ್ರಿ" ಎನ್ನುತ್ತೇನೆ. ಅವರು ಚಹಕ್ಕೆ ಇಡುತ್ತಾರೆ. ಸುಮಾ ದೇವರ ಪಟದ ಮುಂದೆ ಆ ಟವೆಲ್ಲು ಹಾಸಿ ಬಂದು ಕರೆಯುತ್ತಾಳೆ: "ಆಈ, ಜಾಗಾ ಧರಲೀ."

ಎದ್ದು ಹೋಗಿ ಒಂದು ಬತ್ತಿ ಹಚ್ಚುತ್ತೇನೆ.