ಹಾಳೆ ಬೋರಲಿಟ್ಟು ಹೇಳು

ಖುರ್ಷಿದಾಬೇಗಂ ಮೇಡಮ್ಮರ ಕೋಣೆಯ ಬಾಗಿಲಲ್ಲಿ ಅಂಬಿಕಾ ತಾನು ಬರೆದ ಅಧ್ಯಾಯ ಹಿಡಿದು ನಿಂತಿದ್ದಳು.

ಗೋವಾದ ದಾಬೋಲಿಮ್‌ನಲ್ಲಿ ಗಾರೆ ಹೊರುವ ಹನುಮವ್ವನ ಮಗಳು ಅವಳು. ಬಿಸಿಲಿನಲ್ಲಿ ದುಡಿಯುವ ಹೆಂಗಸರ ಆರೋಗ್ಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಇಂಥ ಓದಿನಲ್ಲಿ, ಹಿಂದಿನವರು ಏನೇನು ಕಂಡುಕೊಂಡರೆಂದು ಓದಿ ಮೊದಲು ಒಂದು ಅಧ್ಯಾಯ ಬರೆಯಬೇಕಂತೆ. ಅದಕ್ಕೆ ಸಹಿ ಹಾಕುವ ಮುಂಚೆ ಅವಳ ಗೈಡ್ ಆಗಿದ್ದ, ಬೆಳಗಾವಿ ಕಡೆಯ ಈ ಮೇಡಮ್ಮರದೊಂದು ಪದ್ಧತಿ. ಯಾವುದಾದರೂ ಲೇಖನ ಬೋರಲು ಇಟ್ಟು, ಮನೆಮಾತಿನಲ್ಲಿ ಹೇಳು ಅನ್ನುವುದು. ಹೋದ ವರ್ಷ ಅವರ ಇನ್ನೊಬ್ಬ ವಿದ್ಯಾರ್ಥಿ ಬಸವರಾಜ ತಡವರಿಸಿದ. ಅವನ ಸೀಟು ಉಳಿಯಲಿಲ್ಲ.

ಅಂಬಿಕಾ ಒಂದು ಹಳೆಯ ಲೇಖನವನ್ನು ಓದಿರಲಿಲ್ಲ. ಉಳಿದವರೆಲ್ಲ ಅದರ ಹೆಸರು ಹೇಳಿ ಬರೆದ ಸಾಲನ್ನೇ ತನ್ನ ಅಧ್ಯಾಯಕ್ಕೆ ಎತ್ತಿಕೊಂಡಿದ್ದಳು: ಕೂಲಿ ಹೆಂಗಸರು ತಿಳಿವಳಿಕೆ ಇಲ್ಲದೆ ನೀರು ಕುಡಿಯುವುದಿಲ್ಲ.

ಮೇಡಮ್ ಕಪಾಟಿನಿಂದ ಅದನ್ನೇ ತೆಗೆದು ಬೋರಲು ಇಟ್ಟರು.

"ಕುಂಡ್ರವಾ, ನಾ ಏನ್ ಹುಲಿ ಅಲ್ಲ. ನಿಮ್ಮವ್ವಗ ಹೇಳಿದಂಗ ಹೇಳು."

"ಹೆಂಗಸರು ನೀರು ಕುಡ್ಯಾಂಗಿಲ್ರಿ... ತಿಳಿವಳಿಕಿ ಇಲ್ರಿ ಅವರಿಗೆ."

"ಯಾರನ್ನ ಕೇಳಿ ಬರದಾರ? ಯಾವ ಊರಾಗ?"

ಅಂಬಿಕಾ ಬೋರಲಿಟ್ಟ ಹಾಳೆಯನ್ನೇ ನೋಡಿದಳು.

"ಓದಿಯೇನು?"

ಹೌದ್ರಿ ಅನ್ನಲು ಬಾಯಿ ತೆರೆದಳು. ಮುಂದಿನ ಪ್ರಶ್ನೆ ನೆನೆದೇ ನಾಲಿಗೆ ಹಿಂದೆ ಸರಿಯಿತು. "ಇಲ್ರಿ."

"ಹಂಗಾರ ಓದು. ಇಲ್ಲೇ. ನಾ ಚಾ ಕುಡೀತೇನಿ."

ಅಂಬಿಕಾ ಹಾಳೆ ತಿರುವಿದಳು. ನೀರಿನ ಕೊಡ ಹೆಂಗಸರ ಪಕ್ಕದಲ್ಲೇ ಇತ್ತೆಂದು ಅಲ್ಲಿ ಬರೆದಿತ್ತು. ಕೆಲಸದ ಜಾಗದಲ್ಲಿ ಪಾಯಿಖಾನೆ ಇರಲಿಲ್ಲ, ಅದಕ್ಕೇ ಅವರು ಕುಡಿಯುತ್ತಿರಲಿಲ್ಲ. ಕೆಲಸದ ನಡುವೆ ಅವ್ವ ನೀರಿನಿಂದ ಬಾಯಿ ಒದ್ದೆ ಮಾಡಿಕೊಂಡು ಉಗುಳುತ್ತಿದ್ದದ್ದು ಅಂಬಿಕಾಳ ಕಣ್ಣಿಗೆ ಕಟ್ಟಿತು. ಆ ಅವ್ವನಿಗೆ ತಿಳಿವಳಿಕೆ ಇಲ್ಲವೆಂದು ಮಗಳೇ ಬರೆದಿದ್ದಳು.

"ಯಾರೋ ಒಬ್ಬರು ತಪ್ಪ ಬರದ್ರು. ಉಳದವರು ಅವರನ್ನ ನೋಡಿ ಬರದ್ರು," ಎಂದರು ಮೇಡಮ್. "ನೀನೂ ಅವರ ಹಿಂದ ಹೊಂಟಿದ್ದಿ."

"ಸಹಿ, ಮೇಡಮ್?"

"ಇವತ್ತಿಲ್ಲ. ಬಸವರಾಜ ಓದೇನಿ ಅಂತ ಆಣಿ ಮಾಡಿದ್ದ, ನೀ ಮಾಡ್ಲಿಲ್ಲ. ಅದಕ್ಕ ಇನ್ನೊಮ್ಮಿ ಕೇಳ್ತೇನಿ. ತಿದ್ದಿ ತಾ. ಆವತ್ತ ಯಾವುದ ಬೋರಲ ಇಡ್ತೇನಿ ಅಂತ ಈಗ ಹೇಳಾಂಗಿಲ್ಲ."

ಬಸ್ಸಿನಲ್ಲಿ ಅಂಬಿಕಾ ಉಳಿದ ಲೇಖನಗಳನ್ನು ತೊಡೆಯ ಮೇಲೆ ಹರವಿದಳು. ಎಲ್ಲವೂ ಓದಿದವೇ. ಒಂದನ್ನು ಬೋರಲು ಮಾಡಿ, ಅವ್ವನಿಗೆ ಹೇಳುವಂತೆ ತುಟಿಯಲ್ಲೇ ಹೇಳಿಕೊಂಡಳು. ಬಂತು. ಎರಡನೆಯದನ್ನು ಬೋರಲು ಮಾಡಿದಳು. ಅರ್ಧಕ್ಕೇ ಮಾತು ನಿಂತಿತು. ಹಾಳೆ ಮಗುಚಿ, ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು.