ಜಪಾನಿ ಕಾರು ನಮ್ಮ ಹಾಲ್‌ಗೆ ಬಂದದ್ದು

ಗುಜರಿಯ ಭಂಗಾರ್‌ವಾಲನನ್ನು ಕರೆಸಿದ್ದು ನಾನೇ. ಬೊಂಬಾಯಿಯ ಪಾರ್ಲೆಯಲ್ಲಿ, ನಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲಿ, ಬಾದಾಮಿ ಮರದ ಅಡಿ, ನಮ್ಮ ಹಳೇ ಜಪಾನಿ ಕಾರು ಹರಿದ ತಾಡಪಾಲು ಹೊದ್ದುಕೊಂಡು ಎಷ್ಟೋ ವರ್ಷದಿಂದ ನಿಂತಿತ್ತು. ಇದನ್ನು ಗುಜರಿಗೆ ತಕ್ಕೊಂಡು ಹೋಗ್ತೀಯಾ ಅಂತ ಕೇಳಿದೆ. ಅವನು ಟಯರಿಗೆ ಒಂದು ಒದೆ ಕೊಟ್ಟು ನೋಡಿದ. ನಾನು ಮೇಲೆ ಮುಖ ಮಾಡಿ, ದೊಡ್ಡ ಸ್ವರದಲ್ಲಿ, "ನಿಧಾನ ಒದಿ ಮಾರಾಯ, ಮೇಲಿನವರಿಗೆ ಕೇಳ್ತದೆ" ಅಂದೆ. ಕೇಳ್ಲಿ ಅಂತಲೇ ಅಂದದ್ದು.

ಎರಡನೇ ಮಾಳಿಗೆ ಕಿಟಕಿಯಲ್ಲಿ ನಮ್ಮ ಯಜಮಾನರ ತಲೆ ಕಂಡಿತು. ಆಮೇಲೆ ತಲೆ ಮಾಯ. ಆಮೇಲೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಲುಂಗಿ ಎತ್ತಿ ಕಟ್ಟಿಕೊಂಡು ಬಂದೇ ಬಿಟ್ರು.

"ಯಾರಪ್ಪನ ಗಾಡಿ ಅಂತ ಒದಿತಾ ಇದ್ದೀ?"

ಭಂಗಾರ್‌ವಾಲಾ ನನ್ನ ಮುಖ ನೋಡಿದ. ನಾನು ಬಾದಾಮಿ ಮರ ನೋಡಿದೆ.

ಅದಕ್ಕೂ ಮೊದಲು ಅವರು ಮನೆಯಿಂದ ಕೆಳಗೆ ಇಳಿದು ತಿಂಗಳುಗಟ್ಟಲೆ ಆಗಿತ್ತು. ಸ್ಟೇಷನ್ ಹತ್ತಿರದ ನಮ್ಮ ಹೋಟೆಲನ್ನು ಅವರ ಅಣ್ಣನ ಮಗನಿಗೆ ಬಿಟ್ಟುಕೊಟ್ಟ ಮೇಲೆ ಮನುಷ್ಯ ಸೋಫಾಕ್ಕೆ ಅಂಟಿ ಕೂತಿದ್ರು. ಜೀವಮಾನ ಇಡೀ ಬೆಳಿಗ್ಗೆ ಕತ್ತಲೆಗೇ ಎದ್ದು ಒಲೆ ಹಚ್ಚಿದವರು. ಈಗ ಎದ್ದರೂ ಎಂತ ಮಾಡುದು? ಟಿವಿ ಹಾಕುದು, ನೋಡುದಿಲ್ಲ. ನಾನು ಚಟ್ನಿ ಮಾಡಿದ್ರೆ ಉಪ್ಪು ಹೆಚ್ಚು ಕಡಿಮೆ ಅಂತ ಹೇಳುದನ್ನೂ ಬಿಟ್ಟಿದ್ರು. ಅದಕ್ಕೆ ನನಗೆ ನಿಜಕ್ಕೂ ಹೆದರಿಕೆ ಆದದ್ದು. ನನ್ನ ಚಟ್ನಿಗೆ ಹೆಸರಿಡದ ಗಂಡ ಅಂದ್ರೆ ಯಾರೋ ಬೇರೆಯವರು ಮನೆಗೆ ಬಂದ ಹಾಗೆ.

ಮಗ ಹಡಗಿನ ಕೆಲಸದವ, ವರ್ಷದಲ್ಲಿ ಹೆಚ್ಚು ದಿನ ನೀರಿನ ಮೇಲೆ. ಮನೆಯಲ್ಲಿ ನಾವಿಬ್ಬರು ಮತ್ತೆ ಸೊಸೆ. ಅವಳು ಮರಾಠಿ ಹುಡುಗಿ, ಪವಾಯಿಯ ಆಫೀಸಿಗೆ ಹೋಗ್ತಾಳೆ, ನನ್ನನ್ನು ಆಯಿ ಅಂತಾಳೆ. "ಆಯಿ, ಪಪ್ಪಾಗೆ ಒಂದು ಕೆಲಸ ಬೇಕು" ಅಂತ ಅವಳೇ ಹೇಳಿದ್ದು. ಕೆಲಸ ಹೇಳಿದ್ರೆ ಮಾಡುವ ಜಾತಿ ಅಲ್ಲ ಅದು. ಬೇಡ ಅಂದ್ರೆ ಮಾಡುವ ಜಾತಿ. ಹಾಗಾಗಿ ಭಂಗಾರ್‌ವಾಲನನ್ನು ಕರೆಸಿದೆ.

ಅವನನ್ನು ಓಡಿಸಿ, ತಾಡಪಾಲು ಎಳೆದು, ಇವರು ಬಾಗಿಲು ತೆಗೆದರು. ಒಳಗಿಂದ ಒಂದು ಬೆಕ್ಕು ಮರಿಗಳ ಸಮೇತ ಹೊರಗೆ ಬಂದು ನಮ್ಮನ್ನು ಬಾಡಿಗೆಯವರ ಹಾಗೆ ನೋಡಿತು. ಮಧ್ಯಾಹ್ನ ಊಟಕ್ಕೆ ಕರೆದೆ. "ನೀನು ಉಣ್ಣು" ಅಂದ್ರು. ನಾನು ಮೇಲೆ ಬಂದು ಒಬ್ಬಳೇ ನಗಾಡಿದೆ.

ಆದ್ರೆ ಅಷ್ಟೊಂದು ಆಗ್ತದೆ ಅಂತ ನನಗೆ ಗೊತ್ತಿರಲಿಲ್ಲ ಮಾರಾಯ್ರೆ. ಒಂದು ವಾರದಲ್ಲಿ ಅರ್ಧ ಕಾರು ನಮ್ಮ ಹಾಲ್‌ಗೆ ಬಂತು. ಕೆಳಗೆ ಇಟ್ರೆ ಕದೀತಾರಂತೆ. ಹಿಂದಿನ ಸೀಟು ಟಿವಿಯ ಎದುರು ನಿಂತಿತು. ಬಂದ ನೆಂಟರು ಅದರ ಮೇಲೆ ಕೂತು ಚಾ ಕುಡಿದ್ರು. "ಎಲ್ಲಿಗೆ ಹೊರಟದ್ದು?" ಅಂತ ನಾನು ಕೇಳಿದ್ರೆ ನಾದಿನಿ ಕಪ್ಪು ಕೆಳಗಿಟ್ಟು, "ಮಂಗಳೂರಿಗೆ, ದಾರಿಯಲ್ಲಿ ಎಲ್ಲಾದ್ರೂ ನಿಲ್ಲಿಸಿ" ಅಂದ್ಲು. ಬಾಲ್ಕನಿಯಲ್ಲಿ ಬಂಪರ್ ನೇತಾಡ್ತಾ ಇತ್ತು, ಅದರ ಮೇಲೆ ನಾನು ಬಟ್ಟೆ ಒಣಗಿಸಿದೆ.

ಇವರ ಕೆಲಸ ಎಲ್ಲ ಹೋಟೆಲಿನ ಕ್ರಮದಲ್ಲಿ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಸ್ನಾನ, ದೇವರಿಗೆ ಊದಿನಕಡ್ಡಿ, ಅದೇ ಊದಿನಕಡ್ಡಿ ತಕ್ಕೊಂಡು ಹೋಗಿ ಇಂಜಿನಿಗೂ ಒಂದು ಸುತ್ತು. ಸ್ಕ್ರೂಗಳೆಲ್ಲ ಚಟ್ನಿ ಬಟ್ಟಲಿನಲ್ಲಿ, ಗಾತ್ರ ಪ್ರಕಾರ. ದೊಡ್ಡ ಬೋಲ್ಟು ಸಾಂಬಾರ್ ಬಟ್ಟಲಿನಲ್ಲಿ. ಕಾರ್ಬೊರೇಟರನ್ನು ನನ್ನ ಇಡ್ಲಿ ತಟ್ಟೆಯ ಮೇಲೆ ಬಿಡಿಸಿಟ್ಟು, ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕುದು. ಕೈ ಎಣ್ಣೆ ಆದಾಗ ಒಳಗೆ ಆರ್ಡರ್ ಬರ್ತದೆ, "ಒಂದು ಪ್ಲೇಟ್ ಸಣ್ಣ ಸ್ಕ್ರೂ ತಾ."

"ಪಾರ್ಸೆಲಾ, ಇಲ್ಲೇ ತಿನ್ಲಿಕ್ಕಾ?" ಅಂತ ನಾನು.

ಆ ಇಡ್ಲಿ ತಟ್ಟೆ ಮತ್ತೆ ಅಡಿಗೆಮನೆಗೆ ಬರಲಿಲ್ಲ. ಹೊಸದು ತರಿಸಿದೆ, ಬೀಗ ಹಾಕಿ ಇಟ್ಟೆ.

ಕಾರಿನ ಕಾರ್ಪೆಟ್ ಎತ್ತಿದ ದಿನ ದೊಡ್ಡ ತಮಾಷೆ. ಹಿಂದೆ ಒಮ್ಮೆ ಹೋಟೆಲಿನ ಗ್ರೈಂಡರ್ ಕೆಟ್ಟು ಕೆಲವು ಸಮಯ ಹಿಟ್ಟು ನಮ್ಮ ಮನೆಯಲ್ಲೇ ಕಡೆದು, ಆ ಕಾರಿನ ಹಿಂದಿನ ಸೀಟಿನಲ್ಲಿ ಪಾತ್ರೆ ಇಟ್ಟು ಕೊಂಡುಹೋಗ್ತಾ ಇದ್ದದ್ದು. ಒಂದು ಮಳೆಗಾಲ ಎದುರಿನ ಬಸ್ಸಿನವ ಗಕ್ಕನೆ ನಿಲ್ಲಿಸಿ, ಇವರು ಬ್ರೇಕ್ ಒತ್ತಿ, ಪಾತ್ರೆ ಪೂರ್ತಿ ಬೋರಲು. ಎಷ್ಟು ತೊಳೆದ್ರೂ ಹುಳಿ ವಾಸನೆ ಹೋಗದೆ, ಇವರು ತಿಂಗಳುಗಟ್ಟಲೆ ಕಿಟಕಿ ಇಳಿಸಿ ಮಳೆಯಲ್ಲಿ ನೆನೆದುಕೊಂಡೇ ಓಡಿಸಿದ್ರು. ಈಗ ಕಾರ್ಪೆಟ್ ಅಡಿಯಲ್ಲಿ ಸುಣ್ಣದ ಗಾರೆ ಹಾಗೆ ಬೆಳ್ಳಗೆ, ಗಟ್ಟಿ. ಇವರು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೀತಾ ಇದ್ರು. ಸೊಸೆ ಆಫೀಸಿನಿಂದ ಬಂದವಳು ಬಗ್ಗಿ ನೋಡಿದ್ಲು.

"ಪಪ್ಪಾ, ಏನು ಇದು? ಸಿಮೆಂಟ್?"

"ಇಡ್ಲಿ" ಅಂದ್ರು ಇವರು. "ಬೇಯಿಸ್ಲಿಕ್ಕೆ ಬಾಕಿ ಉಂಟು."

ಹಳೇ ಕಾರಿಗೆ ಸಾಮಾನು ಸಿಗುದಿಲ್ಲ. ಆ ಮಾಡೆಲ್ ನಿಂತೇ ಯಾವ ಕಾಲ ಆಯ್ತು. ಸೊಸೆ ಒಂದು ಗ್ರೂಪ್ ಹುಡುಕಿದ್ಲು, ಹಳೇ ಜಪಾನಿ ಕಾರು ಇಟ್ಟುಕೊಂಡವರದ್ದು. ಇವರು ಫೋನ್ ಮುಟ್ಟುದಿಲ್ಲ, ಎಣ್ಣೆ ಕೈ. ಹಾಗಾಗಿ ನನ್ನನ್ನೇ ಸೇರಿಸಿದ್ಲು. ನಾನು ಟೈಪ್ ಮಾಡ್ಲಿಕ್ಕೆ ಕಲಿತದ್ದು ದೇವರ ಭಜನೆ ಕಳಿಸ್ಲಿಕ್ಕೆ ಅಲ್ಲ, ಟೇಲ್ ಲ್ಯಾಂಪ್ ಹುಡುಕ್ಲಿಕ್ಕೆ. ಒಂದೇ ಬೆರಳು, ಒಂದು ಸಾಲಿಗೆ ಒಂದು ಚಾ. ಸೊಸೆ ನನ್ನ ಫೋಟೋ ಜಾಗದಲ್ಲಿ ಕಾರಿನ ಮುಖ ಹಾಕಿದ್ಲು, ಹಾಗಾಗಿ ಗ್ರೂಪಿನಲ್ಲಿ ಎಲ್ಲರಿಗೂ ನಾನು ಗಂಡಸು. ಒಬ್ಬ ಸರ್ ಅಂತಾನೆ, ಒಬ್ಬ ಭಾವು, ಅಂದ್ರೆ ಮರಾಠಿಯಲ್ಲಿ ಅಣ್ಣ, ಅಂತಾನೆ. ಬೆಳಿಗ್ಗೆ, "ಭಾವು, ಇಂಜಿನ್ ಹೇಗುಂಟು?" ಅಂತ ಹಿಂದಿಯಲ್ಲಿ ಕೇಳಿದ್ರೆ, ನಾನು "ಕೆಮ್ಮು ಉಂಟು, ಜ್ವರ ಇಲ್ಲ" ಅಂತ ಬರೀತಿದ್ದೆ. ನಾನು ಹೆಂಗಸು ಅಂತ ಯಾಕೆ ಹೇಳ್ಬೇಕು? ಅವರು ಕೇಳಿದ್ದು ಇಂಜಿನ್ ವಿಷಯ.

ಠಾಣೆಯ ಒಬ್ಬರ ಹತ್ತಿರ ಟೇಲ್ ಲ್ಯಾಂಪ್ ಇತ್ತು. ಅವರೇ ತಂದುಕೊಟ್ಟರು. ಬಾಗಿಲು ತೆಗೆದೆ.

"ಭಾವು ಮನೆಯಲ್ಲಿದ್ದಾರಾ?"

"ನಾನೇ ಭಾವು" ಅಂದೆ.

ಪಾಪ, ಅವರು ಲ್ಯಾಂಪನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ರು. ಆಮೇಲೆ ಕಾಲಿಗೆ ಬಿದ್ರು, ಆಮೇಲೆ ಕಾರಿನ ಸೀಟಿನಲ್ಲಿ ಕೂತು ದೋಸೆ ತಿಂದ್ರು.

ಇಷ್ಟರಲ್ಲಿ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯ್ತು. ಹಳೇದು ಒಡೆದು ಹೊಸದು ಕಟ್ಟುದು. ದಸರೆಯ ನಂತರ ಎಲ್ಲರೂ ಮನೆ ಖಾಲಿ ಮಾಡ್ಬೇಕು, ಕಾಂಪೌಂಡೂ ಖಾಲಿ ಆಗ್ಬೇಕು. ಸೊಸೆ ಸಾಂತಾಕ್ರೂಜಿನಲ್ಲಿ ಬಾಡಿಗೆ ಮನೆ ನೋಡಿದ್ಲು, ಕಾರಿಗೆ ಜಾಗ ಇದ್ದದ್ದನ್ನೇ. ಕಾರಿನ ಕಾಗದ, ಇನ್ಶೂರೆನ್ಸ್ ಅಂತ ಓಡಾಡಿದ್ದೂ ಅವಳೇ. ಆದ್ರೆ ಸೊಸೈಟಿಯ ಸೆಕ್ರೆಟ್ರಿಗೆ ನಂಬಿಕೆ ಇಲ್ಲ. ದಿನಾ ಬೀಗದ ಗೊಂಚಲು ಅಲ್ಲಾಡಿಸ್ತಾ ಬಂದು, "ಅಣ್ಣಾ, ಇದು ಹೋಗುದು ಕ್ರೇನಿನಲ್ಲೇ" ಅಂತ ಮರಾಠಿಯಲ್ಲಿ ಹೇಳಿ ಹೋಗುದು.

ಒಂದು ದಿನ ಇವರು ಅವರಿಗೆ ಎದುರು ನಿಂತು ಹೇಳಿದ್ರು, "ತನ್ನ ಚಕ್ರದಲ್ಲೇ ಹೋದ್ರೆ ಹೋಯ್ತು. ಕ್ರೇನಿಗೆ ನೇತುಹಾಕಿ ನಾನು ಅದನ್ನು ಕೊಂಡುಹೋಗುದಿಲ್ಲ. ಇಲ್ಲೇ ಭಂಗಾರಿಗೆ ಕೊಟ್ಟು ಹೋಗ್ತೇನೆ."

ಹಠದ ಮಾತು. ಆದ್ರೆ ಈ ಮನುಷ್ಯ ಹೇಳಿದ್ರೆ ಮಾಡುವವರು ಅಂತ ನನಗೆ ಗೊತ್ತುಂಟು. ಕಾರು ಇಲ್ಲದೆ ಸಾಂತಾಕ್ರೂಜಿಗೆ ಹೋದ್ರೆ ಗುರುತಿಲ್ಲದ ಬಿಲ್ಡಿಂಗು, ಪರಿಚಯ ಇಲ್ಲದ ಗೋಡೆ, ಮತ್ತೆ ಅದೇ ಸೋಫಾ. ಅಲ್ಲಿಂದ ಅವರನ್ನು ಎಬ್ಬಿಸ್ಲಿಕ್ಕೆ ನನ್ನ ಹತ್ತಿರ ಇನ್ನೊಂದು ಕಾರಿಲ್ಲ.

ಇಂಜಿನ್ ಸ್ಟಾರ್ಟ್ ಆದ ಸಂಜೆ ಕಾಂಪೌಂಡಿನಲ್ಲಿ ಎಲ್ಲರೂ ಇದ್ರು. ಮೊದಲು ಕೆಮ್ಮಿತು, ಆಮೇಲೆ ಒಂದು ಮೋಡ ಹೊಗೆ, ಆಮೇಲೆ ಗುರ್ ಅಂತ ಹಿಡಿದುಕೊಂಡಿತು. ಸೆಕ್ರೆಟ್ರಿ ಮೂಗಿಗೆ ಕರ್ಚೀಫ್ ಒತ್ತಿಕೊಂಡೇ ಚಪ್ಪಾಳೆ ತಟ್ಟಿದ್ರು, ಒಂದು ಕೈಯನ್ನು ತೊಡೆಗೆ ಹೊಡೆದು. ಇವರು ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರು. ಯಾಕೆ ಅಂತ ಕೇಳಿದೆ. "ಸುಮ್ಮನೆ. ಇನ್ನೊಮ್ಮೆ ಕೇಳ್ಲಿಕ್ಕೆ."

ಆಮೇಲೆ ಅಡಿಯಿಂದ ನೀರು ತೊಟ್ಟಿಕ್ಲಿಕ್ಕೆ ಶುರು. ಇಂಜಿನನ್ನು ತಣ್ಣಗಿಡುವ ರೇಡಿಯೇಟರ್ ಒಂದು ಮೂಲೆಯಲ್ಲಿ ಸೋರ್ತಾ ಇತ್ತು. ಹೊಸದು ಸಿಗುದಿಲ್ಲ. ರಿಪೇರಿಯವರು ಬಿಚ್ಚಿ ಕೊಟ್ರೆ ಮಾಡಿಕೊಡ್ತೇವೆ, ಆದ್ರೆ ನೀವು ಖಾಲಿ ಮಾಡುವ ಹೊತ್ತಿಗೆ ಆಗುದಿಲ್ಲ ಅಂದ್ರು. ಗ್ರೂಪಿನಲ್ಲಿ ಕೇಳಿದೆ. "ಸಾರಿ ಭಾವು" ಅಂತ ಕೈ ಮುಗಿದ ಚಿತ್ರ ಬಂತು, ಸಾಲುಸಾಲು.

ಇವರು ಕೈ ತೊಳೆದು ಬಂದು ಸೋಫಾದಲ್ಲಿ ಕೂತ್ರು. ಟಿವಿ ಹಾಕಿದ್ರು. ಎದುರು ಕಾರಿನ ಸೀಟು ಈಗ ಇಲ್ಲ, ಟಿವಿ ಚೆನ್ನಾಗಿ ಕಾಣ್ತಾ ಇತ್ತು. ಚಟ್ನಿಗೆ ಬೇಕಂತಲೇ ಉಪ್ಪು ಹಾಕದೆ ಬಡಿಸಿದೆ. ಸುಮ್ಮನೆ ತಿಂದ್ರು.

ಹೊರಡುವ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದ ಹೊತ್ತಿಗೆ ನನಗೆ ನೆನಪಾಯ್ತು. ಹಿಂದೆ ನಮ್ಮ ಹೋಟೆಲಿಗೆ ತೆಂಗಿನಕಾಯಿ ತರುವ ಟೆಂಪೋದವ ರೇಡಿಯೇಟರ್ ಸೋರಿದ್ರೆ ಅಡಿಗೆಮನೆಗೆ ಬಂದು ಒಂದು ಮುಷ್ಟಿ ಅರಿಶಿನ ಕೇಳ್ತಿದ್ದ. ಪುಡಿ ಹೋಗಿ ತೂತಿನಲ್ಲಿ ಕೂತುಕೊಳ್ತದೆ ಅಂತ. ಅರಿಶಿನ ಹುಡುಕಿದೆ. ಅಡಿಗೆಮನೆ ಪೂರ್ತಿ ಡಬ್ಬಗಳಿಗೆ ಹೋಗಿ ಟೇಪ್ ಹಾಕಿ ಆಗಿತ್ತು. ಹೊರಗೆ ಉಳಿದದ್ದು ಒಂದೇ ಡಬ್ಬಿ, ಸಾಂಬಾರ್ ಪುಡಿಯದ್ದು. ನಾನು ಆಲೋಚನೆ ಮಾಡಿದೆ. ಇದರಲ್ಲಿಯೂ ಅರಿಶಿನ ಉಂಟಲ್ಲ. ಮೇಲಿಂದ ಮೆಂತ್ಯ ಉಂಟು, ಮೆಂತ್ಯ ನೆನೆದ್ರೆ ಅಂಟು ಬಿಡ್ತದೆ, ಇನ್ನೂ ಒಳ್ಳೇದೇ. ಮೆಣಸು, ಕೊತ್ತಂಬರಿ, ಹಿಂಗು ಇದ್ರೆ ಕಾರಿಗೆ ಎಂತ ಆಗ್ತದೆ, ಅದಕ್ಕೇನು ನಾಲಿಗೆ ಉಂಟಾ? ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಕೆಳಗೆ ಹೋದೆ. ಬಾನೆಟ್ ಎತ್ತುದು, ಮುಚ್ಚಳ ತಿರುಗಿಸುದು ಎಲ್ಲ ಇಷ್ಟು ದಿನ ನೋಡಿ ನೋಡಿ ಗೊತ್ತಿತ್ತು. ಸುರಿದೆ.

ಇವರು ಕೆಳಗೆ ಬಂದು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಓಡಿಸಿ, ನೆಲಕ್ಕೆ ಬಗ್ಗಿ ನೋಡಿದ್ರು. ಒಂದು ತೊಟ್ಟು ನೀರಿಲ್ಲ.

"ನಿಂತಿದೆ" ಅಂದ್ರು. ಸ್ವರವೇ ಬೇರೆ ಆಗಿತ್ತು.

"ದೇವರಿದ್ದಾನೆ" ಅಂದೆ ನಾನು, ಕೈಯನ್ನು ಹಿಂದೆ ಕಟ್ಟಿಕೊಂಡು.

ತೆಂಗಿನಕಾಯಿ ಒಡೆದು ಹೊರಟೆವು. ಇವರು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ಹಿಂದೆ ಸೊಸೆ ತೊಡೆಯ ಮೇಲೆ ತುಳಸಿ ಕುಂಡ ಇಟ್ಟುಕೊಂಡು. ಸೆಕ್ರೆಟ್ರಿ ತಾವೇ ಗೇಟು ತೆಗೆದ್ರು. ಇವರು ಅವರ ಮುಖ ನೋಡದೆ ಹಾರ್ನ್ ಮಾತ್ರ ಹೊಡೆದ್ರು, ಬಹಳ ಉದ್ದಕ್ಕೆ.

ಎಸ್.ವಿ. ರೋಡಿನ ಮೊದಲ ಸಿಗ್ನಲ್‌ನಲ್ಲಿ ಪಕ್ಕದ ರಿಕ್ಷಾದವ ಮೂಗು ಅರಳಿಸಿದ. "ಚಾಚಾ, ಗಾಡಿಯಲ್ಲಿ ಸಾಂಬಾರ್ ಉಂಟಾ?" ಅಂತ ಹಿಂದಿಯಲ್ಲಿ ಕೇಳಿದ. ಇವರು ಗೇರ್ ಹಾಕಿದ್ರು. ಸ್ವಲ್ಪ ಮುಂದೆ ಹೋದ ಮೇಲೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಹತ್ತಿತು. ಹಾಗೆ ಹತ್ತಿದ್ರೆ ಕಾರಿನ ಹೀಟರ್ ಹಾಕ್ಬೇಕಂತೆ, ಇಂಜಿನಿನ ಬಿಸಿಯನ್ನು ಒಳಗೆ ಎಳಕೊಳ್ತದಂತೆ. ಅಕ್ಟೋಬರ್ ಬಿಸಿಲಿನಲ್ಲಿ, ಬೊಂಬಾಯಿಯಲ್ಲಿ, ಇವರು ಹೀಟರ್ ಫುಲ್ ಮಾಡಿದ್ರು.

ಆ ಹೀಟರೂ ಎಲ್ಲೋ ಸೋರ್ತಾ ಇದ್ದಿರ್ಬೇಕು. ಬುಸ್ಸಂತ ಮುಖಕ್ಕೆ ಹೊಡೆಯಿತು ನೋಡಿ, ಮದುವೆಮನೆ ಅಡಿಗೆ ಚಪ್ಪರದ ಹಬೆ. ಹಿಂಗು, ಕೊತ್ತಂಬರಿ, ಬ್ಯಾಡಗಿ ಮೆಣಸು, ಎಲ್ಲ ಒಂದೊಂದಾಗಿ. ಸೊಸೆ ಸೀನ್ಲಿಕ್ಕೆ ಶುರು ಮಾಡಿದ್ಲು.

"ಆಯಿ, ಕಣ್ಣು ಉರಿತದೆ."

ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಯಾವ ಡಬ್ಬಿ?" ಅಂದ್ರು.

"ಎಂತ ಡಬ್ಬಿ?"

"ಹೋಟೆಲಿನ ಪುಡಿಯಾ, ಮನೆಯದ್ದಾ?"

"ಮನೆಯದ್ದು."

"ಎಷ್ಟು ಚಮಚ ಹಾಕಿದೆ?"

"ಚಮಚ ಪ್ಯಾಕ್ ಆಗಿತ್ತು."

ನಾಲ್ಕೂ ಕಿಟಕಿ ಇಳಿಸಿ, ಬೆವರು ಸುರಿಸ್ತಾ, ಸೀನ್ತಾ, ಕಣ್ಣು ಒರೆಸ್ತಾ ಸಾಂತಾಕ್ರೂಜ್ ಮುಟ್ಟಿದೆವು. ಹೊಸ ಬಿಲ್ಡಿಂಗಿನ ವಾಚ್‌ಮನ್ ನಾವು ಮೂವರೂ ಅಳ್ತಾ ಬಂದದ್ದು ನೋಡಿ ಏನೋ ದುಃಖದ ಮನೆಯವರು ಅಂತ ಟೋಪಿ ತೆಗೆದು ದಾರಿ ಬಿಟ್ಟ.

ಜಾಗದಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ್ರು. ಬಾನೆಟ್ಟಿನ ಅಡಿಯಿಂದ ಬುಸ್ ಅಂತ ಹಬೆ ಏಳ್ತಾ ಇತ್ತು. ಬೈಗುಳಕ್ಕೆ ನಾನು ತಯಾರಾಗಿ ಕೂತೆ. ನೋಡಿದ್ರೆ ಇವರ ಭುಜ ಅಲ್ಲಾಡ್ತಾ ಉಂಟು. ಸ್ಟೇರಿಂಗಿಗೆ ಹಣೆ ಇಟ್ಟು ನಗಾಡ್ತಾ ಇದ್ರು, ಸದ್ದೇ ಇಲ್ಲದೆ. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿ, "ಹಿಂಗು ಹೆಚ್ಚಾಯ್ತು" ಅಂದ್ರು.

ಅಬ್ಬಾ, ಹೆಸರಿಟ್ರು. ನನ್ನ ಜೀವ ತಣ್ಣಗಾಯ್ತು.

"ಇನ್ನು ಎಂತ ಮಾಡುದು?" ಕೇಳಿದೆ.

"ಎಂತ ಮಾಡುದು ಅಂದ್ರೆ? ರೇಡಿಯೇಟರ್ ಇಳಿಸ್ಬೇಕು. ಪೈಪೆಲ್ಲ ಬಿಚ್ಚಬೇಕು. ಹೀಟರ್ ತೆಗೀಬೇಕಾದ್ರೆ ಡ್ಯಾಶ್‌ಬೋರ್ಡ್ ತೆಗೀಬೇಕು. ಇಂಜಿನಿನ ಒಳಗೂ ಹೋಗಿರ್ತದೆ ನಿನ್ನ ಮೆಂತ್ಯ. ಎಲ್ಲ ಬಿಚ್ಚಬೇಕು ಮಾರಾಯ್ತಿ. ಎಲ್ಲ." ಶಾಲೆಗೆ ಇನ್ನೂ ಒಂದು ತಿಂಗಳು ರಜೆ ಕೊಟ್ಟಿದ್ದಾರೆ ಅಂತ ಮಕ್ಕಳು ಮನೆಗೆ ಬಂದು ಹೇಳುದಿಲ್ಲವಾ, ಅದೇ ಸ್ವರ.

ಈಗ ಹೊಸ ಬಿಲ್ಡಿಂಗಿನಲ್ಲಿ ಅವರಿಗೆ ನನಗಿಂತ ಹೆಚ್ಚು ಗುರುತಿನವರು. ದಿನಾ ಪೈಪಿನಿಂದ ಏನೋ ಸಾರಿನ ಹಾಗಿದ್ದದ್ದು ಬಕೆಟಿಗೆ ಬೀಳ್ತದೆ, ಬಂದವರಿಗೆಲ್ಲ ಇವರು ಅದರ ಕಥೆ ಹೇಳ್ತಾರೆ, ಎಲ್ಲರೂ ತಲೆ ಎತ್ತಿ ನಮ್ಮ ಬಾಲ್ಕನಿ ನೋಡ್ತಾರೆ. ನಾನು ಕೈ ಬೀಸ್ತೇನೆ. ಊಟಕ್ಕೆ ಬನ್ನಿ ಅಂತ ಸೊಸೆಯ ಫೋನಿಗೆ ಮೆಸೇಜ್ ಹಾಕಿ ಆಗ್ಲೇ ತುಂಬ ಹೊತ್ತಾಯ್ತು. ಇವತ್ತು ರಜೆ ಅಂತ ಅವಳೂ ಕೆಳಗೇ ಇದ್ದಾಳೆ, ಟಾರ್ಚ್ ಹಿಡ್ಕೊಂಡು. ಓದಿದ್ಲು ಅಂತ ನೀಲಿ ಗೆರೆ ಬಂತು, ಉತ್ತರ ಇಲ್ಲ. ಆ ಪುರುಸೊತ್ತಿನಲ್ಲೇ ಇಷ್ಟು ಟೈಪ್ ಮಾಡಿದ್ದು. ಅನ್ನ ಆರ್ತಾ ಉಂಟು. ಆರ್ಲಿ.